ಊರು ಎಲ್ಲಿ ಆಯಿತು?

ನಮ್ಮ ಕಡೆಯ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಒಬ್ಬ ಹೆಂಗಸು ಬಂದು ಕುಳಿತರೆ ಐದು ನಿಮಿಷದೊಳಗೆ ಕೇಳುವ ಪ್ರಶ್ನೆ ಒಂದೇ: "ನಿಮಗೆ ಊರು ಎಲ್ಲಿ ಆಯಿತು?" ಹೆಸರು ಕೇಳುವುದು ಆಮೇಲೆ; ಎಷ್ಟೋ ಸಲ ಕೇಳುವುದೇ ಇಲ್ಲ. ಊರು ಗೊತ್ತಾದರೆ ಸಾಕು, ಅದರ ಬಾಲ ಹಿಡಿದುಕೊಂಡು ಮನೆ, ಮನೆತನ, ಯಾರ ಮಗಳು, ಯಾರ ಸೊಸೆ ಎಲ್ಲವೂ ತಾನಾಗಿ ಹೊರಗೆ ಬರುತ್ತದೆ. ನಾನು "ಕಾಪು" ಎಂದರೆ ಅವರಿಗೆ ಸಮಾಧಾನವಾಗುವುದಿಲ್ಲ. "ಕಾಪುವಿನಲ್ಲಿ ಎಲ್ಲಿ? ಲೈಟ್‌ಹೌಸಿನ ಬದಿಯಾ, ಮಾರಿಗುಡಿಯ ಬದಿಯಾ?" ಎಂದು ಮತ್ತೊಂದು ಪ್ರಶ್ನೆ ಬರುತ್ತದೆ. ಉಡುಪಿಯಿಂದ ಕಾಪುವಿಗೆ ಇರುವುದೇ ಹದಿಮೂರು ಕಿಲೋಮೀಟರು. ಇಳಿಯುವ ಹೊತ್ತಿಗೆ ಅವರು ನನ್ನ ಅತ್ತೆಯ ಕಡೆಯಿಂದ ದೂರದ ಸಂಬಂಧಿಯಾಗಿರುತ್ತಾರೆ.

ವಿಚಿತ್ರವೆಂದರೆ, ಹೀಗೆ ಊರು ಊರು ಎಂದು ಜಪಿಸುವ ನಾವು ಊರಿನಲ್ಲಿ ನಿಂತವರೇ ಅಲ್ಲ. ನಮ್ಮ ಕಡೆಯ ಯಾವ ಮನೆಯ ಜಗಲಿಗೆ ಹೋಗಿ ನೋಡಿ, ಗೋಡೆಯ ಫೋಟೋಗಳಲ್ಲಿ ನಗುತ್ತಿರುವವರಲ್ಲಿ ಅರ್ಧ ಮಂದಿ ಬೊಂಬಾಯಿಯವರು, ಉಳಿದವರಲ್ಲಿ ಕೆಲವರು ದುಬಾಯಿ ಮಸ್ಕತ್ತಿನವರು, ಮಿಕ್ಕವರು ಬೆಂಗಳೂರಿನವರು. ಮನೆಯಲ್ಲಿ ನಿಜವಾಗಿ ಇರುವುದು ಒಬ್ಬ ಅಜ್ಜಿ, ಒಂದು ನಾಯಿ, ಮತ್ತು ಬೊಂಬಾಯಿಯಿಂದ ಯಾರೋ ತಂದುಕೊಟ್ಟ, ಯಾರೂ ಉಪಯೋಗಿಸದ ಮಿಕ್ಸಿ. ಮೂರು ತಲೆಮಾರಿನಿಂದ ಅಂಧೇರಿಯಲ್ಲೋ ಡೊಂಬಿವಲಿಯಲ್ಲೋ ಬೇರು ಬಿಟ್ಟವರು ಕೂಡ "ಊರಿಗೆ ಹೋಗುವುದು" ಎಂದರೆ ಇಲ್ಲಿಗೆ ಬರುವುದು. ಇಲ್ಲಿಗೆ ಬಂದು ಎರಡು ವಾರ ಕಳೆಯುವಷ್ಟರಲ್ಲಿ, "ಇನ್ನು ಮನೆಗೆ ಹೋಗಬೇಕು" ಎನ್ನುತ್ತಾರೆ. ಊರು ಒಂದು ಕಡೆ, ಮನೆ ಇನ್ನೊಂದು ಕಡೆ.

ನಾನು ಪಾಠ ಹೇಳುವುದು ಕಾಪು ಸೀಮೆಯ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. 2023ರಲ್ಲಿ ಅದಕ್ಕೆ ನೂರು ವರ್ಷ ತುಂಬಿತು. ಶತಮಾನೋತ್ಸವಕ್ಕೆ ಹಳೆ ವಿದ್ಯಾರ್ಥಿಗಳ ಪಟ್ಟಿ ಮಾಡಬೇಕೆಂದು ಹಳೆಯ ದಾಖಲಾತಿ ಪುಸ್ತಕಗಳನ್ನೆಲ್ಲ ಕಪಾಟಿನಿಂದ ಇಳಿಸಿ ಧೂಳು ಕೊಡವುವ ಕೆಲಸ ನನ್ನ ಪಾಲಿಗೆ ಬಂತು. ಗೆದ್ದಲು ತಿಂದು ಉಳಿಸಿದ ಪುಟಗಳಲ್ಲಿ ಮುತ್ತಿನಂಥ ಅಕ್ಷರ. ಹೆಸರು, ತಂದೆ ಅಥವಾ ಪೋಷಕರ ಹೆಸರು (ಅಳಿಯಸಂತಾನದ ಊರಲ್ಲವೇ, ಪೋಷಕರ ಜಾಗದಲ್ಲಿ ಬಹಳಷ್ಟು ಕಡೆ ಸೋದರಮಾವನ ಹೆಸರಿದೆ), ಮಾತೃಭಾಷೆ, ಕೊನೆಗೆ ಶಾಲೆ ಬಿಟ್ಟ ಕಾರಣ. ಹುಡುಗಿಯರ ಎದುರು ಈ ಕೊನೆಯ ಕಾಲಂ ಸಾಮಾನ್ಯವಾಗಿ ಖಾಲಿ, ಅಥವಾ "ಮನೆಗೆಲಸ". ಹುಡುಗರ ಎದುರು, ನಾಲ್ಕನೆಯದೋ ಐದನೆಯದೋ ಮುಗಿದಲ್ಲಿಗೆ, "ಬೊಂಬಾಯಿಗೆ ಹೋದದ್ದು". ಪುಟ ತಿರುಗಿಸಿದರೆ ಮತ್ತೆ ಅದೇ. ಒಬ್ಬ ಹೆಡ್ಮಾಸ್ಟರಿಗೆ ಬರೆದು ಬರೆದು ಬೇಸರ ಬಂದಿರಬೇಕು, ಅವರ ಕಾಲದಲ್ಲಿ ಬರಿಯ "ಬೊಂ." ಎಂದಿದೆ.

ನನ್ನ ದೊಡ್ಡ ಮಾವನ ಹೆಸರಿನ ಎದುರಿಗೂ "ಬೊಂ." ಇದೆ. 1951. ಆಗ ಅವರಿಗೆ ಹನ್ನೆರಡು ವರ್ಷ.

ಹನ್ನೆರಡು ವರ್ಷದ ಹುಡುಗನನ್ನು ಅಷ್ಟು ದೂರ ಕಳಿಸಲು ಅಜ್ಜಿಗೆ ಮನಸ್ಸಾದರೂ ಹೇಗೆ ಬಂತು ಎಂದು ಸಣ್ಣವಳಿದ್ದಾಗ ಕೇಳಿದ್ದೆ. "ಒಂದು ಬಾಯಿ ಕಡಿಮೆಯಾಯಿತು, ಒಂದು ಮನಿಯಾರ್ಡರು ಹೆಚ್ಚಾಯಿತು" ಎಂದರು ಅಜ್ಜಿ. ಗೇಣಿ ಕೊಟ್ಟು ಉಳಿದ ಅಕ್ಕಿ ಆಟಿಯ ತಿಂಗಳಿಗೆ ಮುಟ್ಟುತ್ತಿರಲಿಲ್ಲ. ಊರಿನವರೊಬ್ಬರು ಬೊಂಬಾಯಿಯಿಂದ ರಜೆಗೆ ಬಂದಿದ್ದವರು ಹಿಂದೆ ಹೋಗುವಾಗ ಮೂವರು ಹುಡುಗರನ್ನು ಜೊತೆಗೆ ಕರೆದುಕೊಂಡು ಹೋದರು. ಮಂಗಳೂರಿನಿಂದ ಹಡಗು. ಮಾವನಿಗೆ ಆ ಹಡಗಿನ ಬಗ್ಗೆ ನೆನಪಿರುವುದು ಎರಡೇ ಸಂಗತಿ, ವಾಂತಿ ಮತ್ತು ಹೊಸ ಚಡ್ಡಿ.

ಕೋಟೆಯ ಬದಿಯ ಒಂದು ಹೋಟೆಲಿನಲ್ಲಿ ಕೆಲಸ. ಮೊದಲು ಲೋಟ ತೊಳೆಯುವುದು, ಆಮೇಲೆ ಟೇಬಲ್ ಒರೆಸುವ ಕ್ಲೀನರ್, ಆಮೇಲೆ ಸಪ್ಲಾಯರ್, ಅದೃಷ್ಟವಿದ್ದರೆ ಗಲ್ಲಾದ ಮೇಲೆ ಕೂರುವುದು. ಉಡುಪಿ ಹೋಟೆಲಿನ ಕೀರ್ತಿಯನ್ನು ಹಾಡುವವರು ಈ ಮೆಟ್ಟಿಲುಗಳ ಬಗ್ಗೆ ಹೇಳುವುದು ಕಡಿಮೆ. ಒಳಗೆ ಒಲೆಯ ಹತ್ತಿರ ಹೋಗುವ ಜಾತಿ ಬೇರೆ, ಹೊರಗೆ ಎಂಜಲು ಲೋಟ ಎತ್ತುವ ಜಾತಿ ಬೇರೆ ಎಂಬುದು ಬಹಳ ಕಾಲ ನಡೆದ ಕ್ರಮ. ಆದರೂ ಎದುರಿನ ಟೇಬಲಿನಲ್ಲಿ ಗುಜರಾತಿ ಗುಮಾಸ್ತ, ಮರಾಠಿ ಮಿಲ್ ಕೆಲಸಗಾರ, ಪಾರಸಿ ವಕೀಲ ಒಟ್ಟಿಗೆ ಕುಳಿತು ಅದೇ ಇಡ್ಲಿ ತಿನ್ನುತ್ತಿದ್ದರಲ್ಲ, ಅದು ಸಣ್ಣ ಸಂಗತಿಯಲ್ಲ. ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕರು ತೆರೆದ ಊಟದ ಮನೆಗೆ ಇವತ್ತಿಗೂ ಜನ ಸಾಲು ನಿಲ್ಲುತ್ತಾರೆ. ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೃಷ್ಣರಾಯರೂ ನಮ್ಮ ಕಡೆಯಿಂದ ಬರಿಗೈಯಲ್ಲಿ ಹೋದವರೇ. ಇಂದು ಮಸಾಲೆದೋಸೆ ಇಡೀ ಭಾರತದ ತಿಂಡಿ. ದಿಲ್ಲಿಯ ಹುಡುಗಿ ತನ್ನದೇ ತಿಂಡಿ ಎಂಬಂತೆ ಅದನ್ನು ಕೇಳುತ್ತಾಳೆ.

ರಾತ್ರಿ ಹೋಟೆಲಿನ ಬಾಗಿಲು ಹಾಕಿದ ಮೇಲೆ ಟೇಬಲುಗಳನ್ನು ಒತ್ತಾಗಿ ಜೋಡಿಸಿ ಅದರ ಮೇಲೆ ಹಿರಿಯರು, ಅಡಿಯಲ್ಲಿ ಕಿರಿಯರು ಮಲಗುವುದು. ಅದಕ್ಕೆ ಮೊದಲು ಕನ್ನಡ ರಾತ್ರಿ ಶಾಲೆ. ಬೊಂಬಾಯಿಗೆ ಹೋದ ನಮ್ಮವರು ಮಾಡಿದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ರಾತ್ರಿ ಶಾಲೆಗಳು. ಮೊಗವೀರರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದೆಯೇ ಅಲ್ಲಿ ಹುಟ್ಟಿತ್ತು. ಮೀನು ಹಿಡಿಯುವ ಜನ, ಹೋಟೆಲಿನ ಜನ, ದಿನವಿಡೀ ದುಡಿದು ಬಂದು ತೂಕಡಿಸುತ್ತ ಬರೆದ ಅಕ್ಷರ ಅದು. ಮಾವ ಎಸ್ಸೆಸ್ಸೆಲ್ಸಿ ಪಾಸು ಮಾಡುವಾಗ ಅವರಿಗೆ ಇಪ್ಪತ್ತಮೂರು. "ನಮ್ಮ ಕ್ಲಾಸಿನಲ್ಲಿ ಮೀಸೆ ಇಲ್ಲದವನು ಮೇಷ್ಟ್ರು ಮಾತ್ರ" ಎಂದು ನಗುತ್ತಾರೆ.

ಅಲ್ಲಿ ಅವರನ್ನು ಕರೆಯುತ್ತಿದ್ದುದು "ಮದ್ರಾಸಿ". ಮೊದಲ ಐದು ವರ್ಷ ಅದು ಸರಿಯೇ ಆಗಿತ್ತು ಅನ್ನಿ, ನಮ್ಮ ಜಿಲ್ಲೆ ಆಗ ಮದ್ರಾಸು ರಾಜ್ಯಕ್ಕೇ ಸೇರಿತ್ತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯದವರಾದೆವು, ಕಾಸರಗೋಡು ಕೇರಳಕ್ಕೆ ಹೋಯಿತು, 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು, 1997ರಲ್ಲಿ ಉಡುಪಿಯೇ ಬೇರೆ ಜಿಲ್ಲೆಯಾಯಿತು. ಇಷ್ಟೆಲ್ಲ ಆಗುವಾಗಲೂ ಬೊಂಬಾಯಿಯ ರಸ್ತೆಯಲ್ಲಿ ಮಾವ ಮದ್ರಾಸಿಯೇ. 1960ರ ದಶಕದ ಕೊನೆಯಲ್ಲಿ ದಕ್ಷಿಣದವರು ಬಂದು ನಮ್ಮ ಮಕ್ಕಳ ಕೆಲಸ ಕಿತ್ತುಕೊಂಡರು ಎಂಬ ಕೂಗು ಎದ್ದಿತು. "ಹಟಾವ್ ಲುಂಗಿ, ಬಜಾವ್ ಪುಂಗಿ" ಎಂಬ ಘೋಷಣೆ. ಪರೇಲಿನ ಮಿಲ್ಲೊಂದರ ಎದುರು ಮಾವ ಆಗಷ್ಟೇ ಹಾಕಿದ್ದ ಸಣ್ಣ ಹೋಟೆಲಿಗೆ ಕಲ್ಲು ಬಿತ್ತು. ಗಾಜಿನ ಕಪಾಟು, ಅದರೊಳಗಿನ ಲಾಡು ಒಟ್ಟಿಗೆ ಪುಡಿ. ಮಾರನೆಯ ದಿನ ಎದುರಿನ ಚಾಳಿನ ಮರಾಠಿ ಹೆಂಗಸೊಬ್ಬಳು ಪೊರಕೆ ಹಿಡಿದುಕೊಂಡು ಬಂದು ಗಾಜು ಗುಡಿಸಿಕೊಟ್ಟಳಂತೆ. ಕಲ್ಲೆಸೆದವರಲ್ಲಿ ಅವಳ ಮಗನೂ ಇದ್ದ ಎಂಬುದು ಅವರಿಬ್ಬರಿಗೂ ಗೊತ್ತಿತ್ತು. ಮಾವ ಮರಾಠಿಯಲ್ಲಿ ಬೋರ್ಡು ಬರೆಸಿದರು, ಪೋಹೆ ಮಾಡಲು ಕಲಿತರು, ಉಳಿದರು. ಕೊನೆಗೆ ಆ ಹೋಟೆಲನ್ನು ಮುಚ್ಚಿಸಿದ್ದು ಕಲ್ಲಲ್ಲ. 1982ರ ಜನವರಿಯಲ್ಲಿ ಬೊಂಬಾಯಿಯ ಗಿರಣಿಗಳ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಮುಷ್ಕರ ಹೂಡಿದರಲ್ಲ, ಅದು ಮುಗಿಯಲೇ ಇಲ್ಲ, ಗಿರಣಿಗಳೇ ಮುಗಿದವು. ಉದ್ರಿ ಪುಸ್ತಕದಲ್ಲಿ ಇದ್ದವರು ಒಬ್ಬೊಬ್ಬರಾಗಿ ಕೊಂಕಣದ ತಮ್ಮ ತಮ್ಮ ಹಳ್ಳಿಗೆ ಹೋದರು. ಮಾವ ಠಾಣೆಯ ಕಡೆಗೆ ಹೋಗಿ ಮತ್ತೊಂದು ಹೋಟೆಲು ಹಾಕಿದರು.

ಹೋದವರ ಕಥೆಯನ್ನು ಎಲ್ಲರೂ ಬರೆಯುತ್ತಾರೆ. ಉಳಿದವರು ಹೆಂಗಸರು. ನನ್ನ ಅಜ್ಜಿ, ಅಮ್ಮ, ಚಿಕ್ಕಮ್ಮಂದಿರು ಗದ್ದೆ ಮಾಡಿಸಿದರು, ಕೋರ್ಟಿಗೆ ಅಲೆದರು, 1974ರ ಭೂಸುಧಾರಣೆಯ ಕಾಯ್ದೆ ಬಂದಾಗ ಡಿಕ್ಲರೇಶನ್ ಕೊಡಲು ಸಾಲಿನಲ್ಲಿ ನಿಂತರು, ಭೂತದ ಕೋಲಕ್ಕೆ ಅಕ್ಕಿ ಅಳೆದರು. ಗಂಡಸರು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಟ್ರಂಕು, ಹಲ್ವ, ಸೆಂಟು ಸಮೇತ ಬಂದು ಹದಿನೈದು ದಿನ ಯಜಮಾನರಾಗಿ ಹೋಗುತ್ತಿದ್ದರು. ಅಷ್ಟು ದಿನ ಹೆಂಗಸರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಬೊಂಬಾಯಿ ಬಸ್ಸು ಹೊರಟ ಮರುದಿನದಿಂದ ಮತ್ತೆ ಎಂದಿನ ದನಿ. ನಮ್ಮ ಕಡೆಯ ಹೆಂಗಸರು ಜೋರು ಎಂದು ಹೊರಗಿನವರು ಹೇಳುವುದುಂಟು. ಜೋರಿಲ್ಲದಿದ್ದರೆ ಮನೆಯ ಮಾಡು ಉಳಿಯುತ್ತಿರಲಿಲ್ಲ.

ಅಂಚೆಯವನು ತಂದ ದುಡ್ಡು ಡಬ್ಬಿಯಲ್ಲಿ ಕೂರಬಾರದಲ್ಲ, ಅದಕ್ಕೊಂದು ಜಾಗ ಬೇಕು. ಉಡುಪಿಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದಾಗಿ 5,000 ರೂಪಾಯಿ ಬಂಡವಾಳದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ತೆರೆದರು, ಅದೇ ಆಮೇಲೆ ಕಾರ್ಪೊರೇಶನ್ ಬ್ಯಾಂಕ್. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾಯ ಪೈಗಳ ಕೆನರಾ ಬ್ಯಾಂಕ್. 1925ರಲ್ಲಿ ಉಪೇಂದ್ರ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವರು ಸೇರಿ ಎಂಟು ಸಾವಿರ ರೂಪಾಯಿಯಲ್ಲಿ ಕಟ್ಟಿದ್ದು ಸಿಂಡಿಕೇಟ್. ಕಷ್ಟದಲ್ಲಿದ್ದ ನೇಕಾರರಿಗೆ ಆಧಾರವಾಗಲೆಂದು. ಆ ಬ್ಯಾಂಕು 1928ರಲ್ಲಿ ತಂದ ಪಿಗ್ಮಿಯನ್ನು ನಮ್ಮ ತಲೆಮಾರಿನ ಯಾವ ಹೆಂಗಸು ಮರೆತಾಳು? ಏಜೆಂಟ್ ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಾದರೂ ಒಯ್ಯುತ್ತಿದ್ದ ಲೆಕ್ಕ ಅದು. ಮೀನು ಮಾರಿ ಬಂದವಳ ಸೆರಗಿನ ಗಂಟಿನ ಚಿಲ್ಲರೆಗೂ ಒಂದು ಪಾಸ್‌ಬುಕ್ಕು. 1969ರಲ್ಲಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದಾಗ ನಮ್ಮ ಕೆನರಾ, ಸಿಂಡಿಕೇಟ್ ಎರಡೂ ಪಟ್ಟಿಯಲ್ಲಿದ್ದವು. 1980ರಲ್ಲಿ ಕಾರ್ಪೊರೇಶನ್, ವಿಜಯಾ ಕೂಡ ಸೇರಿದವು. ಅಂದರೆ ಊರಿನ ಡಬ್ಬಿ ದೇಶದ ಡಬ್ಬಿಯಾಯಿತು. ಊರಿನ ಹುಡುಗರು ಬ್ಯಾಂಕಿನ ಕೆಲಸದ ಮೇಲೆ ಬಿಹಾರಕ್ಕೆ, ಅಸ್ಸಾಮಿಗೆ ಟ್ರಾನ್ಸ್‌ಫರ್ ಆಗಿ ಹೋದರು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲಿ ಕರಗಿತು. ಅದಕ್ಕೆ ಒಂದು ವರ್ಷ ಮೊದಲೇ ವಿಜಯಾ ಬ್ಯಾಂಕ್ ಬರೋಡಾದೊಳಗೆ ಹೋಗಿತ್ತು. ನಮ್ಮ ಮನೆಯವರು ಬ್ಯಾಂಕಿನವರು. ಆ ದಿನ ಅವರು ಊಟ ಸರಿಯಾಗಿ ಮಾಡಲಿಲ್ಲ.

ನನ್ನ ಮೊದಲ ಹನ್ನೊಂದು ವರ್ಷದ ನೌಕರಿ ಕಾರ್ಕಳದಲ್ಲಿ. 1432ರಲ್ಲಿ ನಿಲ್ಲಿಸಿದ ಗೊಮ್ಮಟನ ಗುಡ್ಡಕ್ಕೆ ಪ್ರತಿವರ್ಷ ಮಕ್ಕಳನ್ನು ಹತ್ತಿಸುತ್ತಿದ್ದೆ. ಮೇಲಿನಿಂದ ನೋಡಿದರೆ ಜೈನರ ಚತುರ್ಮುಖ ಬಸದಿ, ಕೆಳಗಿನ ಪೇಟೆಯಲ್ಲಿ ಗೋವೆಯ ಕಡೆಯಿಂದ ಬಂದ ಕೊಂಕಣಿಗರ ವೆಂಕಟರಮಣ, ಆಚೆ ಅತ್ತೂರಿನ ಇಗರ್ಜಿ, ಎಲ್ಲ ಒಂದೇ ನೋಟದ ಊರು. ಅರಸರಿಗೆ ವ್ಯಾಪಾರಿಗಳು ಬೇಕಿದ್ದರು, ವ್ಯಾಪಾರಿಗಳಿಗೆ ನೆಲೆ ಬೇಕಿತ್ತು. ನನ್ನ ತರಗತಿಯ ಅರ್ಧಕ್ಕರ್ಧ ಮಕ್ಕಳ ತಾಯಂದಿರು ಗೇರುಬೀಜದ ಫ್ಯಾಕ್ಟರಿಗೆ ಹೋಗುವವರು. ಒಮ್ಮೆ ಒಬ್ಬ ಹುಡುಗ ಮಳೆಗೆ ಕೊಪ್ಪೆಯಂತೆ ಗೋಣಿಚೀಲ ಹಾಕಿಕೊಂಡು ಬಂದ. ಚೀಲದ ಮೇಲೆ ಇಂಗ್ಲಿಷಿನಲ್ಲಿ ತಾಂಜಾನಿಯಾ ಎಂದಿತ್ತು. ಅವತ್ತಿನ ಭೂಗೋಳದ ಪಾಠ ಆ ಚೀಲವೇ. ಗೇರುಮರವನ್ನು ಪೋರ್ಚುಗೀಸರು ಬ್ರೆಜಿಲಿನಿಂದ ಇಲ್ಲಿಗೆ ತಂದದ್ದು, ಈಗ ಆಫ್ರಿಕಾದ ಬೀಜ ಹಡಗಿನಲ್ಲಿ ಮಂಗಳೂರಿಗೆ ಬಂದು ಕಾರ್ಕಳದ ತಾಯಂದಿರ ಕೈಯಲ್ಲಿ ಸಿಪ್ಪೆ ಬಿಟ್ಟು ಮತ್ತೆ ಹೊರದೇಶಕ್ಕೆ ಹೋಗುವುದು. "ಹಾಗಾದರೆ ನಮ್ಮದು ಅಂತ ಎಂತ ಉಂಟು ಟೀಚರ್?" ಎಂದು ಒಬ್ಬಳು ಕೇಳಿದಳು. ಸಿಪ್ಪೆಯ ಎಣ್ಣೆಗೆ ಸುಟ್ಟ ಅವಳ ಅಮ್ಮನ ಬೆರಳು ನೆನಪಾಗಿ ನಾನು ಬೇರೆ ಮಾತು ತೆಗೆದೆ.

ಅಡುಗೆಮನೆಯನ್ನೇ ನೋಡಿ. ಕೋರಿರೊಟ್ಟಿ ನಮ್ಮ ಕಡೆಯ ಹೆಮ್ಮೆ. ಆ ಗಸಿಯ ಕೆಂಪು ಬರುವುದು ಘಟ್ಟದ ಮೇಲಿನ ಬ್ಯಾಡಗಿ ಮೆಣಸಿನಿಂದ, ಮೆಣಸಿನ ಗಿಡ ಬಂದದ್ದು ಅಮೆರಿಕಾದಿಂದ. ದೇವರ ವಿಷಯಕ್ಕೆ ಬಂದರೂ ಅಷ್ಟೆ. ಉಡುಪಿಯ ಕೃಷ್ಣ ದ್ವಾರಕೆಯ ಕಡೆಯಿಂದ ವ್ಯಾಪಾರದ ಹಡಗಿನಲ್ಲಿ ಗೋಪಿಚಂದನದ ಹೆಂಟೆಯೊಳಗೆ ಮಲ್ಪೆಗೆ ಬಂದವನು ಎಂದು ನಂಬಿದ್ದೇವೆ. ಕಾಪುವಿನ ಮಾರಿಯಮ್ಮ ಘಟ್ಟದ ಮೇಲಿನ ಸೈನ್ಯದ ಜೊತೆ ಇಳಿದು ಬಂದವಳು ಎಂದು ನಮ್ಮ ಹಿರಿಯರೇ ಹೇಳುತ್ತಾರೆ. ಅವಳ ಹೊಸ ಗುಡಿಗೆ 2025ರಲ್ಲಿ ಬ್ರಹ್ಮಕಲಶವಾಯಿತು. ಕಲ್ಲು ಇಳಕಲ್ಲಿನದು, ದುಡ್ಡಿನಲ್ಲಿ ದೊಡ್ಡ ಪಾಲು ಹೊರಗಿರುವ ಭಕ್ತರದು. ಇನ್ನು ಕೃಷ್ಣಮಠದ ಕಿಂಡಿಯ ಹೊರಗೆ ನಿಂತ ಕನಕದಾಸರು? ಕಳೆದ ವರ್ಷ ಮಕ್ಕಳನ್ನು ಉಡುಪಿಗೆ ಕರೆದುಕೊಂಡು ಹೋದಾಗ ಕಥೆ ಹೇಳಿ ಮುಗಿಸುವ ಮೊದಲೇ ಆರನೆಯ ತರಗತಿಯ ಒಬ್ಬ ಹುಡುಗ ಎದೆಯುಬ್ಬಿಸಿ, "ಇವ್ರು ನಮ್ಮ ಕಡೇಯವ್ರು ರೀ ಟೀಚರ್, ಹಾವೇರಿಯವ್ರು" ಎಂದ. ಅವನ ಅಪ್ಪ ಮಣಿಪಾಲದಲ್ಲಿ ಕಾಂಕ್ರೀಟು ಹಾಕುವ ಕೆಲಸದವನು.

ಅಂಥವರ ವಿಷಯಕ್ಕೇ ಈಗ ಬರಬೇಕು. ನಮ್ಮ ಶಾಲೆಯಲ್ಲಿ ಈಗಿರುವುದು 46 ಮಕ್ಕಳು. ಅದರಲ್ಲಿ 29 ಮಕ್ಕಳ ತಂದೆತಾಯಿ ಬಾಗಲಕೋಟೆ, ಕೊಪ್ಪಳ, ಗದಗ, ಹಾವೇರಿಯಿಂದ ಬಂದವರು. ನಮ್ಮ ಊರಿನ ಭಾಷೆಯಲ್ಲಿ "ಘಟ್ಟದವರು". ಸ್ಥಳೀಯರ ಮಕ್ಕಳು ಹಳದಿ ವ್ಯಾನಿನಲ್ಲಿ ಇಂಗ್ಲಿಷ್ ಮೀಡಿಯಮಿಗೆ ಹೋಗುತ್ತಾರೆ. ಈ 29 ಇಲ್ಲದಿದ್ದರೆ ಶಾಲೆ ಶತಮಾನ ಕಾಣುತ್ತಿರಲಿಲ್ಲ, ಎಂದೋ ಪಕ್ಕದ ಶಾಲೆಗೆ ವಿಲೀನವಾಗುತ್ತಿತ್ತು. ದಾಖಲಾತಿ ಪುಸ್ತಕದ ಮಾತೃಭಾಷೆಯ ಕಾಲಂ ತಮಾಷೆಯಾಗಿದೆ. ಊರಿನವರ ಎದುರು ತುಳು, ಕೊಂಕಣಿ, ಬ್ಯಾರಿ. ಹೊರಗಿನವರು ಎನಿಸಿಕೊಂಡ ಬಹುಪಾಲು ಮಕ್ಕಳ ಎದುರು ಕನ್ನಡ. ರಾಜ್ಯೋತ್ಸವದ ದಿನ ಮನೆಭಾಷೆಯಲ್ಲೇ ಭಾಷಣ ಮಾಡುವವರು ಈ ಮಕ್ಕಳೇ. ಆರು ತಿಂಗಳು ಕಳೆಯಲಿ, ಕಬಡ್ಡಿ ಆಡುವಾಗ ತುಳುವಿನಲ್ಲೇ ಜಗಳ.

ಮಣಿಪಾಲ ಒಂದು ಕಾಲಕ್ಕೆ ಮುರಕಲ್ಲಿನ ಬೋಳುಗುಡ್ಡ. 1953ರಲ್ಲಿ ಅಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭವಾದ ಮೇಲೆ ಊರಾಯಿತು. ಮಲೇಶಿಯಾದ ಹುಡುಗಿ, ಪಂಜಾಬಿನ ಹುಡುಗ, ಅವರಿಗೆ ಛೋಲೆ ಬೇಯಿಸುವ ಮೆಸ್ಸು, ಹಿಂದಿಯಲ್ಲಿ ಚೌಕಾಸಿ ಮಾಡುವ ನಮ್ಮ ರಿಕ್ಷಾದವರು. ಅವರಿಗೆ ರೂಮು ಬಾಡಿಗೆಗೆ ಕೊಡಲು ನಾವು ನಾ ಮುಂದು ತಾ ಮುಂದು. ಆ ರೂಮು ಕಟ್ಟಿದವರಿಗೆ ಮಾತ್ರ ರೂಮಿಲ್ಲ, ತಗಡಿನ ಶೆಡ್ಡು. ದೂರದಿಂದ ಬಂದವರಲ್ಲಿಯೂ ಫೀಸು ಕಟ್ಟುವವರು ಅತಿಥಿಗಳು, ಪಿಕ್ಕಾಸು ಹಿಡಿದವರು ಹೊರಗಿನವರು.

2020ರ ಮೇ ತಿಂಗಳನ್ನು ನಾನು ಮರೆಯುವುದಿಲ್ಲ. ಮಹಾರಾಷ್ಟ್ರದಿಂದ ನಮ್ಮವರು ಗುಂಪು ಗುಂಪಾಗಿ ಹಿಂದೆ ಬರತೊಡಗಿದರು. ಶಿರೂರಿನ ಚೆಕ್‌ಪೋಸ್ಟಿನಲ್ಲಿ ವಾಹನಗಳ ಸಾಲು. ಅದೇ ದಿನಗಳಲ್ಲಿ ಸರಕಾರಿ ಬಸ್ಸುಗಳು ಇಲ್ಲಿನ ಕೆಲಸಗಾರರನ್ನು ತುಂಬಿಕೊಂಡು ಘಟ್ಟ ಹತ್ತುತ್ತಿದ್ದವು. ನಮ್ಮ ಶಾಲೆ ಕ್ವಾರಂಟೈನ್ ಕೇಂದ್ರವಾಯಿತು, ನನಗೆ ಅಲ್ಲಿಯೇ ಡ್ಯೂಟಿ. ಜಿಲ್ಲೆಯಲ್ಲಿ ಸೋಂಕಿನ ಲೆಕ್ಕ ದಿನದಿನಕ್ಕೆ ಏರುತ್ತಿತ್ತು, ಬಂದವರಲ್ಲೇ ಹೆಚ್ಚು ಮಂದಿಗೆ. ಅಲ್ಲಿಯವರೆಗೆ ಬ್ರಹ್ಮಕಲಶದ ರಶೀದಿ ಹಿಡಿದುಕೊಂಡು "ಬೊಂಬಾಯಿಯ ನಮ್ಮವರು" ಎನ್ನುತ್ತಿದ್ದ ಬಾಯಿಗಳು "ಮುಂಬಯಿಯವರು ಬಂದಿದ್ದಾರಂತೆ" ಎಂದು ಪಿಸುಗುಟ್ಟಿದವು. ಶಾಲೆಯ ಬಾವಿಯ ನೀರನ್ನು ಅವರು ಮುಟ್ಟಬಾರದೆಂದು ದೂರು ಬಂತು. ಹಾಗೆ ಬಂದವರಲ್ಲಿ ನನ್ನ ಮಾವನ ಸೊಸೆ, ಇಬ್ಬರು ಮೊಮ್ಮಕ್ಕಳು. ಮಾವ ಐದನೆಯ ತರಗತಿ ಓದಿದ ಕೋಣೆಯಲ್ಲಿಯೇ ಹದಿನಾಲ್ಕು ದಿನ. ಕಿಟಕಿಯ ಸರಳು ಹಿಡಿದು ಅವಳು, "ಟೀಚರಕ್ಕಾ, ಇದು ನಮ್ಮ ಊರಲ್ಲವಾ?" ಎಂದು ಕೇಳಿದಳು. ಮಾವ ರಸ್ತೆಯ ಆಚೆ, ಗೇಟಿನ ಹೊರಗೆ, ಛತ್ರಿ ಹಿಡಿದು ನಿಂತುಕೊಂಡು ಮೊಮ್ಮಕ್ಕಳನ್ನು ನೋಡಿ ಹೋಗುತ್ತಿದ್ದರು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮರುವರ್ಷವೇ ಅವರು ಹೋಟೆಲನ್ನು ಮಗನಿಗೆ ಬಿಟ್ಟು ಕಾಪುವಿಗೆ ಬಂದು ಮನೆ ಕಟ್ಟಿದ್ದರು.

ಹೀಗಿರುವಾಗ ಶತಮಾನೋತ್ಸವದ ಸಭೆಯಲ್ಲಿ ಮಾವ ಆಡಿದ ಮಾತು ನನಗೆ ಎದೆಗೆ ನಾಟಿತು. ಹೊಸ ಎರಡು ಕೋಣೆ, ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕಿತ್ತು. ಬೊಂಬಾಯಿ ಸಮಿತಿಯವರು ಕೊಡಲು ತಯಾರಿದ್ದರು. ಹಿರಿಯರಾದ ಮಾವ ಹೂಂ ಅನ್ನಬೇಕಿತ್ತು. ಪಟ್ಟಿ ನೋಡಿ ಕನ್ನಡಕ ತೆಗೆದರು. "ಇದರಲ್ಲಿ ನಮ್ಮ ಊರಿನ ಮಕ್ಕಳು ಎಷ್ಟು ಮಗಾ?" ಎಂದರು. ಮಾತೆಲ್ಲ ತುಳುವಿನಲ್ಲಿ. ನಾನು, "ಎಲ್ಲರೂ ಊರಿನಲ್ಲೇ ಇರುವುದು ಮಾವ" ಎಂದೆ. "ಅದಲ್ಲ ನಾನು ಕೇಳಿದ್ದು. ಘಟ್ಟದವರ ಮಕ್ಕಳಿಗೆ ನಮ್ಮ ದುಡ್ಡು ಯಾಕೆ?" ಸಭೆಯಲ್ಲಿ ಕೆಲವರು ತಲೆಯಾಡಿಸಿದರು.

ಹಿರಿಯರ ಎದುರು, ಅದೂ ಸೋದರಮಾವನ ಎದುರು, ನಾಲ್ಕು ಜನರಿರುವಾಗ ವಾದಿಸುವುದು ನಮ್ಮ ಮನೆಯ ಕ್ರಮವಲ್ಲ. ಸಂಜೆ ದಾಖಲಾತಿ ಪುಸ್ತಕವನ್ನೇ ಬಟ್ಟೆಯಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋದೆ. ಅವರ ಹೆಸರಿನ ಸಾಲು ತೋರಿಸಿದೆ. ಬೆರಳಿಟ್ಟು ಓದಿದರು. "ಬೊಂ. ಅಂದರೆ?" ಎಂದರು. ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ನಾವು ಹೋದದ್ದು ಕೆಲಸಕ್ಕೆ" ಎಂದರು.

"ಇವರು ಬಂದದ್ದೂ ಕೆಲಸಕ್ಕೇ ಅಲ್ಲವಾ ಮಾವ?"

"ಆದರೆ ನಾವು ಹಿಂದೆ ಬಂದೆವಲ್ಲ."

ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಅವರು ಬಂದರು ನಿಜ, ಮಗ ಠಾಣೆಯಲ್ಲಿದ್ದಾನೆ, ಮಗಳು ಅಮೆರಿಕಾದಲ್ಲಿ. ಆ ದೊಡ್ಡ ಮನೆಯಲ್ಲಿ ಇರುವುದು ಅವರಿಬ್ಬರೇ. ಅವರಿಗೆ ಸ್ನಾನಕ್ಕೆ ನೀರು ಕಾಯಿಸುವವಳು, ತೋಟಕ್ಕೆ ನೀರು ಬಿಡುವವನು ಗಂಡಹೆಂಡತಿ, ಇಳಕಲ್ಲಿನ ಕಡೆಯವರು. ಅವರ ಮಗು ನಮ್ಮ ಎರಡನೆಯ ತರಗತಿಯಲ್ಲಿದೆ. ಮಾವನ ಮಾತಿನಲ್ಲಿ ಸತ್ಯ ಇಲ್ಲವೆಂದಲ್ಲ, ಈ ಮಕ್ಕಳು ನಡುವರ್ಷದಲ್ಲಿ ಹೇಳದೆ ಕೇಳದೆ ಹೋಗಿಬಿಡುತ್ತಾರೆ. ಕಲಿಸಿದ ಮಗ್ಗಿ ಅರ್ಧಕ್ಕೇ ನಿಲ್ಲುತ್ತದೆ, ಟಿಸಿ ಕೇಳಿಕೊಂಡು ಮೂರು ತಿಂಗಳ ನಂತರ ಇನ್ನೊಂದು ಜಿಲ್ಲೆಯಿಂದ ಫೋನು ಬರುತ್ತದೆ. ನಾನು ಎದ್ದು ಹೊರಡುವಾಗ ಮಾವ ಗೇಟಿನವರೆಗೆ ಬಂದರು. "ನಮ್ಮ ರಾತ್ರಿ ಶಾಲೆಯ ಕೋಣೆಯ ಬಾಡಿಗೆ ಕೊಡುತ್ತಿದ್ದವನು ಒಬ್ಬ ಗುಜರಾತಿ ಶೇಟು. ನಾವು ಯಾರ ಮಕ್ಕಳೆಂದು ಅವನು ಕೇಳಲೇ ಇಲ್ಲ" ಎಂದರು. ವಾರದ ನಂತರ ಶೌಚಾಲಯದ ಖರ್ಚು ಪೂರ್ತಿ ಅವರೇ ಕೊಟ್ಟರು, ಕೋಣೆಗಳಿಗೆ ಸಮಿತಿಯವರಿಂದ ಕೊಡಿಸಿದರು. ಕಲ್ಲಿನಲ್ಲಿ ಅಜ್ಜಿಯ ಹೆಸರು ಕೆತ್ತಿಸಿದ್ದಾರೆ. ಈಗಲೂ ಅವರ ಬಾಯಲ್ಲಿ ಅವರು "ಘಟ್ಟದವರೇ".

ಕೊನೆಗೆ ನನ್ನ ಅಮ್ಮನ ಸಂಗತಿ ಹೇಳದಿದ್ದರೆ ಅವಳು ಬೇಸರಪಟ್ಟಾಳು. ನಮ್ಮ ಮನೆಯ ಹಿತ್ತಲಿನಲ್ಲಿ ಮೂವತ್ತು ಬುಡ ಶಂಕರಪುರ ಮಲ್ಲಿಗೆ ಇದೆ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕಳಿಸಬೇಕು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಶಂಕರಪುರದಲ್ಲಿ ದಿನದ ದರ ನಿಗದಿಯಾಗುತ್ತದೆ, ಹೂವು ವಿಮಾನದಲ್ಲಿ ಮುಂಬಯಿಗೂ ಹೋಗುತ್ತದೆ. ಆ ಹೂವಿನ ದುಡ್ಡಿನಲ್ಲಿಯೇ ನಾನು ಬಿ.ಎ., ಬಿ.ಎಡ್. ಓದಿದ್ದು. ಈಗ ಅಮ್ಮನಿಗೆ ಎಂಬತ್ತು ದಾಟಿತು, ಬೆರಳು ಬಗ್ಗುವುದಿಲ್ಲ. ಕಟ್ಟಲು ಬರುವವಳು ಗಜೇಂದ್ರಗಡದ ಕಡೆಯ ಹೆಂಗಸು. ಮೊದಮೊದಲು ಸಡಿಲವಾಗಿ ಕಟ್ಟುತ್ತಾಳೆಂದು ಅಮ್ಮ ದಿನಾ ಬಯ್ಯುತ್ತಿದ್ದಳು. ಈಗ ಅವಳು ಅಮ್ಮನಿಗಿಂತ ಚುರುಕು. ತುಳುವಿನಲ್ಲಿ ಎಣಿಸಲು ಶುರುಮಾಡಿ ಐವತ್ತು ದಾಟಿದರೆ ತನ್ನ ಕನ್ನಡಕ್ಕೆ ಬರುತ್ತಾಳೆ. ಶ್ರಾವಣದಲ್ಲಿ, ಹೂವಿಗೆ ಒಳ್ಳೆಯ ದರ ಬರುವ ಸರಿಯಾದ ಹೊತ್ತಿಗೆ, ಪಂಚಮಿಗೆಂದು ತವರಿಗೆ ಹೋಗಿಬಿಡುತ್ತಾಳೆ. ಅಮ್ಮ ಗೊಣಗುತ್ತ ಅವಳ ಚೀಲಕ್ಕೆ ಎರಡು ತೆಂಗಿನಕಾಯಿ, ಒಂದು ಕಟ್ಟು ಹಪ್ಪಳ ತುರುಕುತ್ತಾಳೆ. ಹಿಂದೆ ಅಣ್ಣನ ಟ್ರಂಕಿಗೆ ತುರುಕುತ್ತಿದ್ದುದೂ ಇದನ್ನೇ.

ಕಳೆದ ಪಂಚಮಿಯ ಮರುದಿನ ಮಧ್ಯಾಹ್ನ ಫೋನು. ನಾನೇ ಎತ್ತಿದೆ. ಆ ಕಡೆಯಿಂದ ಜೋಕಾಲಿಯ ಗಲಾಟೆಯ ನಡುವೆ ಅವಳ ದನಿ: "ಟೀಚರ್, ಅಮ್ಮಾರ ಕೈಯಾಗ ಕೊಡ್ರಿ. ಇವತ್ತ ಅಟ್ಟೆಗೆ ಎಷ್ಟಾಗೇತಿ ಕೇಳಬೇಕಾಗೇತಿ."